ಲಿನಕ್ಸ್ ಬಲ್ಲ ಹಿರಿಯರಿಗೆ ಒಂದು ಬಿನ್ನಹ

ತೀರ್ಥರೂಪ ಸಮಾನರಾದ ಲಿನಕ್ಸ್ ಬಲ್ಲ ಹಿರಿಯರಿಗೆ,

 

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಇರುವುದೂ ನನ್ನ ಹತ್ತಿರವೇ. ಅಲ್ಲಿ ಹತ್ತು ಯಂತ್ರಗಳಿವೆ, ಹತ್ತೂ ಯಾವುದೋ ಕಚೇರಿ ಬಳಸಿ ಬಿಟ್ಟು ದಾನವಾಗಿ ಕೊಟ್ಟವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಮ್ಮ ಯಂತ್ರಗಳಲ್ಲಿಲ್ಲ. ಅವನ್ನು ಗುಜರಿಗೆ ಹಾಕಬೇಕು, ಇಲ್ಲವೇ ಲಿನಕ್ಸ್ ಹಾಕಬೇಕು. ಹಾಗಾಗಿ ನಿಮ್ಮ ಮನೆಬಾಗಿಲಿಗೆ ಬಂದವನು ನಾನು. ಕಳೆದ ಒಂದು ವರ್ಷದಲ್ಲಿ ನಿಮ್ಮಿಂದ ಪಡೆದದ್ದನ್ನೂ ನಿಮ್ಮಿಂದ ನೊಂದದ್ದನ್ನೂ ಒಂದೇ ಕಾಗದದಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಋಣದ ಮಾತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತಾನು ಬರೆದ ಕರ್ನೆಲ್ಲನ್ನು ಲೋಕದ ಮುಂದಿಟ್ಟರು. ನಮ್ಮ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರಂಥವರು 1990ರ ದಶಕದಲ್ಲೇ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಹಂಚಿದರು. ಡಯಲ್-ಅಪ್ ಕಾಲದಲ್ಲಿ ಅದು ಎಷ್ಟು ದೊಡ್ಡ ಉಪಕಾರವೆಂದು ಆಗ ಕಾದವರಿಗೇ ಗೊತ್ತು. ಅದೇ ಊರಿನಲ್ಲಿ 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಆಗಿ 2012ರವರೆಗೆ ನಡೆಯಿತು. ನಾನು ಬಿ.ಎಡ್. ಓದುತ್ತಿದ್ದಾಗ ಉಬುಂಟು ಎಂಬ ಲಿನಕ್ಸ್‌ನ ಸಿಡಿಯೊಂದನ್ನು ಪೋಸ್ಟ್‌ಮ್ಯಾನ್ ಮನೆಗೆ ತಂದುಕೊಟ್ಟಿದ್ದ. ಹೊರದೇಶದಿಂದ ಬಂದಿತ್ತು, ಅಂಚೆವೆಚ್ಚವನ್ನೂ ಕೇಳಿರಲಿಲ್ಲ. ಶಿಪ್‌ಇಟ್ ಎಂಬ ಆ ಸೇವೆ 2011ರಲ್ಲಿ ನಿಂತಿತು. ಸಿಡಿ ಇಂದಿಗೂ ನನ್ನ ಬೀರುವಿನಲ್ಲಿದೆ. ಇಷ್ಟು ಉದಾರವಾದ ವಂಶ ನಿಮ್ಮದು. ಮುಂದಿನ ಮಾತುಗಳನ್ನೆಲ್ಲ ಆ ಗೌರವ ಇಟ್ಟುಕೊಂಡೇ ಬರೆಯುತ್ತೇನೆ.

ಹಿರಿಯರೇ, ನೀವು ನನಗೆ ಕೊಟ್ಟ ಮೊದಲ ಉಪದೇಶ ತೀರಾ ಚಿಕ್ಕದು: ‘ಐಎಸ್ಒ ಇಳಿಸಿಕೊಳ್ಳಿ, ಪೆನ್ ಡ್ರೈವ್‌ಗೆ ಹಾಕಿ, ಬೂಟ್ ಮಾಡಿ.’ ತಕ್ಷಣ ಉತ್ತರಿಸಿದಿರಿ, ಕೃತಜ್ಞತೆಗಳು. ಆದರೆ ಆ ‘ಹಾಕಿ’ ಎಂಬ ಒಂದು ಪದ ನನ್ನ ಎರಡು ಭಾನುವಾರಗಳನ್ನು ತಿಂದಿತು. ಫೋಟೋ ಹಾಕಿದಂತೆ, ಹಾಡು ಹಾಕಿದಂತೆ ನಾನು ಆ ಫೈಲನ್ನು ಕಾಪಿ ಮಾಡಿ ಪೇಸ್ಟ್ ಮಾಡಿದೆ. ಯಂತ್ರ ಏಳಲಿಲ್ಲ. ಐಎಸ್ಒ ಎನ್ನುವುದು ಇಡೀ ಒಂದು ಡಿಸ್ಕಿನ ಪಡಿಯಚ್ಚು. ಅಕ್ಕಿ ಮೂಟೆಯನ್ನು ಎಲೆಯ ಮೇಲಿಟ್ಟರೆ ಊಟವಾಗುವುದಿಲ್ಲ, ಹಾಗೆಯೇ ಆ ಪಡಿಯಚ್ಚನ್ನು ಒಂದು ಫೈಲಾಗಿ ಇಟ್ಟರೆ ಯಂತ್ರಕ್ಕೆ ಅದರೊಳಗೆ ಕಣ್ಣು ಹಾಯುವುದಿಲ್ಲ. ಅದನ್ನು ಬಿಚ್ಚಿ ಪೆನ್ ಡ್ರೈವಿನ ಮೇಲೆ ಅಚ್ಚೊತ್ತಬೇಕು. ವಿಂಡೋಸ್‌ನಲ್ಲಿ ರುಫಸ್, ಎಲ್ಲ ಕಡೆ ಎಚರ್ ಈ ಕೆಲಸ ಮಾಡಿಕೊಡುತ್ತವೆ. ಫೈಲನ್ನು ಹಾಗೇ ಕಾಪಿ ಮಾಡಿದರೂ ನಡೆಯಬೇಕೆಂದರೆ ಮೊದಲು ಪೆನ್ ಡ್ರೈವ್‌ಗೆ ವೆಂಟಾಯ್ ಹಾಕಿಕೊಂಡಿರಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ಹೀಗೆ ಅಚ್ಚೊತ್ತಿದ ಪೆನ್ ಡ್ರೈವನ್ನು ಮತ್ತೆ ವಿಂಡೋಸ್‌ಗೆ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಬಹುದು, 32 ಜಿಬಿ ಪೆನ್ ಡ್ರೈವ್ ಕೆಲವೇ ಎಂಬಿಯಷ್ಟು ಕಾಣಬಹುದು. ಅದು ಕೆಟ್ಟಿಲ್ಲ, ವಿಂಡೋಸ್‌ಗೆ ಓದಲು ಬರದ ಹಾಗೆ ವಿಂಗಡವಾಗಿದೆ ಅಷ್ಟೆ. ಇದನ್ನೂ ಯಾರೂ ಹೇಳಲಿಲ್ಲ. ನಮ್ಮ ಜವಾನರು ಸ್ವಂತ ದುಡ್ಡಿನಲ್ಲಿ ತಂದುಕೊಟ್ಟ ಪೆನ್ ಡ್ರೈವ್ ಕೆಟ್ಟುಹೋಯಿತೆಂದು ನಾವಿಬ್ಬರೂ ಒಂದು ವಾರ ಪೇಚಾಡಿದೆವು.

ಪೂಜ್ಯರೇ, ಎರಡನೆಯ ಮಾತು ಬರೆಯುವಾಗ ಕೈ ಇಂದಿಗೂ ತಡೆಯುತ್ತದೆ. ಶಾಲೆಯ ಕಚೇರಿಯ ಒಂದು ಯಂತ್ರದಲ್ಲಿ ಆಗಲೇ ಉಬುಂಟು ಇತ್ತು. ಅದರಿಂದ ಮಿಕ್ಕ ಯಂತ್ರಗಳಿಗೆ ಬೂಟ್ ಆಗುವ ಪೆನ್ ಡ್ರೈವ್ ಮಾಡುವುದು ಹೇಗೆಂದು ನಿಮ್ಮಲ್ಲೊಬ್ಬರನ್ನು ಫೋನಿನಲ್ಲಿ ಕೇಳಿದೆ. ‘ಒಂದೇ ಸಾಲಿನ ಕೆಲಸ’ ಎಂದು ಡಿಸ್ಕಿಗೆ ನೇರವಾಗಿ ಬರೆಯುವ ಡಿಡಿ ಕಮಾಂಡ್ ಬರೆಸಿದರು. ಅದರ ಕೊನೆಯಲ್ಲಿ ಎಸ್‌ಡಿಬಿ ಎಂಬ ಮೂರಕ್ಷರ. ಅವರ ಯಂತ್ರದಲ್ಲಿ ಒಂದೇ ಹಾರ್ಡ್ ಡಿಸ್ಕ್, ಅದು ಎಸ್‌ಡಿಎ. ಚುಚ್ಚಿದ ಪೆನ್ ಡ್ರೈವ್ ಎಸ್‌ಡಿಬಿ. ನಮ್ಮ ಕಚೇರಿ ಯಂತ್ರದಲ್ಲಿ ಎರಡು ಹಾರ್ಡ್ ಡಿಸ್ಕ್ ಇದ್ದವು. ಎಸ್‌ಡಿಬಿ ಎಂದರೆ ಎರಡನೆಯ ಡಿಸ್ಕ್, ಅದರಲ್ಲಿ ಹನ್ನೊಂದು ವರ್ಷಗಳ ಶಾಲಾ ವಾರ್ಷಿಕೋತ್ಸವದ ಫೋಟೋಗಳು, ಬೀಳ್ಕೊಡುಗೆಯ ವಿಡಿಯೊಗಳು, ನಿವೃತ್ತರಾಗಿ ಆಮೇಲೆ ತೀರಿಕೊಂಡ ಮೂವರು ಶಿಕ್ಷಕರ ಮುಖಗಳು. ಪೆನ್ ಡ್ರೈವ್ ಎಸ್‌ಡಿಸಿ ಆಗಿತ್ತು. ಡಿಡಿ ‘ಖಾತ್ರಿಯೇ?’ ಎಂದು ಕೇಳುವುದಿಲ್ಲ, ಹೇಳಿದ ಜಾಗಕ್ಕೆ ಬರೆದು ಮುಗಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಆ ಡಿಸ್ಕಿನ ವಿಭಾಗಗಳ ಪಟ್ಟಿ, ಮೊದಲ ಮೂರು ಜಿಬಿಯಷ್ಟು ಜಾಗ ಅಳಿಸಿಹೋದವು. ‘ಮೊದಲು ಎಲ್‌ಎಸ್‌ಬಿಎಲ್‌ಕೆ ಎಂದು ಟೈಪ್ ಮಾಡಿ, ಗಾತ್ರ ನೋಡಿ ಯಾವುದು ಪೆನ್ ಡ್ರೈವ್ ಎಂದು ಗುರುತು ಹಿಡಿಯಿರಿ’ ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಇದು ನಡೆಯುತ್ತಿರಲಿಲ್ಲ. ಮತ್ತೆ ಫೋನ್ ಮಾಡಿದಾಗ ಅವರು ಹೇಳಿದ್ದು, ‘ಅಷ್ಟೂ ನೋಡದೆ ಯಾರಾದರೂ ಎಂಟರ್ ಒತ್ತುತ್ತಾರೆಯೇ?’

ಆದರೂ ನಾನು ನಿಮ್ಮ ಬಳಗವನ್ನು ದೂರಲಾರೆ. ಅದೇ ದಿನ ಸಂಜೆ ನಿಮ್ಮಲ್ಲೇ ಇನ್ನೊಬ್ಬರು ಸಿಕ್ಕಿದರು. ಮೊದಲು ಸಮಾಧಾನ ಮಾಡಿದರು. ‘ಆ ಡಿಸ್ಕಿಗೆ ಇನ್ನೇನೂ ಬರೆಯಬೇಡಿ, ಯಂತ್ರ ಆರಿಸಿ. ಅಳಿಸಿದ್ದು ಮುಂದಿನ ತುದಿ ಮಾತ್ರ, ಹಿಂದಿನದೆಲ್ಲ ಇನ್ನೂ ಅಲ್ಲೇ ಇದೆ’ ಎಂದರು. ಏಕೆ ಇದೆ ಎಂದೂ ವಿವರಿಸಿದರು. ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಎಂಬ ಮುಕ್ತ ತಂತ್ರಾಂಶವನ್ನು ಹೇಗೆ ನಡೆಸಬೇಕು, ಸಿಕ್ಕ ಫೈಲುಗಳನ್ನು ಬೇರೆ ಡಿಸ್ಕಿಗೇ ಏಕೆ ಇಳಿಸಬೇಕು ಎಂದು ರಾತ್ರಿ ಹನ್ನೊಂದರವರೆಗೆ ಜೊತೆಗಿದ್ದು ಮಾಡಿಸಿದರು. ಬಹುಪಾಲು ಫೋಟೋ ವಾಪಸ್ ಬಂದವು. ಹೆಸರುಗಳು ಹೋದವು, ಮುಖಗಳು ಉಳಿದವು. ಆ ಪುಣ್ಯಾತ್ಮರಿಗೂ ಮೊದಲಿನವರಿಗೂ ತಿಳಿವಳಿಕೆಯಲ್ಲಿ ಹೆಚ್ಚು ಕಡಿಮೆ ಏನೂ ಇರಲಿಲ್ಲ. ಒಬ್ಬರು ಅರ್ಧ ಹೇಳಿದರು, ಇನ್ನೊಬ್ಬರು ಪೂರ್ತಿ ಹೇಳಿದರು. ಈ ಕಾಗದ ಬರೆಯಲು ಕಾರಣವೇ ಆ ವ್ಯತ್ಯಾಸ.

ಇಳಿಸಿಕೊಂಡ ಫೈಲಿನ ಚೆಕ್‌ಸಮ್ ನೋಡಬೇಕೆಂದು ಕಲಿಸಿದವರೂ ನೀವೇ, ಅದಕ್ಕೆ ನಮಸ್ಕಾರ. ಆದರೆ ಏಕೆಂದು ಹೇಳದಿದ್ದರೆ ಅದು ಅರ್ಥ ಗೊತ್ತಿಲ್ಲದ ಮಂತ್ರವಾಗುತ್ತದೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, ಹಿಂಬಾಗಿಲಿರುವ ಐಎಸ್ಒ ಇಟ್ಟಿದ್ದರು ಎಂಬ ಒಂದು ಘಟನೆ ಹೇಳಿದ್ದಕ್ಕೆ ನನ್ನ ವಿದ್ಯಾರ್ಥಿಗಳು ಈಗ ಚೆಕ್‌ಸಮ್‌ನ ಅರವತ್ತನಾಲ್ಕು ಅಕ್ಷರಗಳನ್ನು ತಾವಾಗಿಯೇ ಹೋಲಿಸಿ ನೋಡುತ್ತಾರೆ.

ಮಾನ್ಯರೇ, ‘ಸೆಕ್ಯೂರ್ ಬೂಟ್ ಆಫ್ ಮಾಡಿ’ ಎಂಬ ನಿಮ್ಮ ಅಪ್ಪಣೆಯನ್ನು ಎಷ್ಟು ಸಲ ಪಾಲಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ಶಾಲೆಯ ಹುಡುಗನೊಬ್ಬನ ಅಕ್ಕ ಇಂಜಿನಿಯರಿಂಗ್ ಓದುತ್ತಾಳೆ. ಅವಳ ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಹಾಕಲು ಹೊರಟೆವು. ನೀವು ಹೇಳಿದಂತೆ ಆಫ್ ಮಾಡಿದೆವು. ಮರಳಿ ವಿಂಡೋಸ್‌ಗೆ ಹೋದರೆ ನೀಲಿ ಪರದೆಯ ಮೇಲೆ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿ ಕೇಳಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎಷ್ಟೋ ಸಲ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ, ಬೂಟ್ ವ್ಯವಸ್ಥೆ ಬದಲಾದರೆ ಬೀಗದ ಕೈ ಕೇಳುತ್ತದೆ ಎಂದು ನಿಮಗೆ ಗೊತ್ತಿತ್ತು. ಆ ಹುಡುಗಿಗೆ ಗೊತ್ತಿರಲಿಲ್ಲ. ಮೂರು ದಿನದಲ್ಲಿ ಅವಳು ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀಲಿ ಉಳಿದಿತ್ತು, ಬದುಕಿದೆವು. ಇಷ್ಟಕ್ಕೂ ಉಬುಂಟು, ಫೆಡೋರಾಗಳು ಸೆಕ್ಯೂರ್ ಬೂಟ್ ಇದ್ದಹಾಗೇ ಏಳುತ್ತವೆ, 2019ರ ಡೆಬಿಯನ್ 10ರಿಂದ ಡೆಬಿಯನ್ ಕೂಡ. ಆಫ್ ಮಾಡುವ ಅಗತ್ಯವೇ ಇರಲಿಲ್ಲ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣುತ್ತಿಲ್ಲವೆಂದಾಗ, ಡಿಸ್ಕಿನ ಕ್ರಮವನ್ನು ಯಂತ್ರದ ಸೆಟ್ಟಿಂಗಿನಲ್ಲಿ ‘ಎಎಚ್‌ಸಿಐ ಮಾಡಿ’ ಎಂದಿರಿ. ಹಾಗೆ ನೇರವಾಗಿ ಬದಲಿಸಿದರೆ ಒಳಗಿರುವ ವಿಂಡೋಸ್ ಏಳದೆ ಹೋಗಬಹುದು, ಮೊದಲು ಅದನ್ನು ಸೇಫ್ ಮೋಡ್‌ಗೆ ಸಿದ್ಧಮಾಡಿಕೊಳ್ಳಬೇಕು ಎಂಬ ಅರ್ಧ ನಿಮ್ಮಲ್ಲೇ ಉಳಿಯಿತು.

ಇನ್‌ಸ್ಟಾಲ್ ಮುಗಿದ ಮೇಲೆ ವೈಫೈ ಬರಲಿಲ್ಲ. ‘ಡ್ರೈವರ್ ಹಾಕಿಕೊಳ್ಳಿ, ಒಂದೇ ಕಮಾಂಡ್’ ಎಂದಿರಿ. ಆ ಕಮಾಂಡಿಗೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಹಗ್ಗವೇ ಬಾವಿಯೊಳಗೆ ಬಿದ್ದಾಗ ‘ಹಗ್ಗ ತಂದು ನೀರು ಸೇದಿ’ ಎಂದ ಹಾಗಾಯಿತು. ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದರೆ ಹೆಚ್ಚಿನ ಯಂತ್ರಗಳು ತಾವಾಗಿಯೇ ನೆಟ್ ಹಿಡಿಯುತ್ತವೆ ಎಂದು ನನಗೆ ಹೇಳಿಕೊಟ್ಟವನು ಊರಿನ ಮೊಬೈಲ್ ರಿಪೇರಿ ಅಂಗಡಿಯ ಹುಡುಗ. ಈ ಸಂಕಟ ನನ್ನೊಬ್ಬನದಲ್ಲ. ವೈಫೈ ಚಿಪ್‌ಗಳಿಗೆ ಬೇಕಾದ, ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ವರ್ಷಗಟ್ಟಲೆ ಹೊರಗಿಟ್ಟಿದ್ದ ಡೆಬಿಯನ್ 2022ರಲ್ಲಿ ಸದಸ್ಯರ ಮತ ಹಾಕಿಸಿ, 2023ರ ಜೂನಿನ 12ನೇ ಆವೃತ್ತಿಯಿಂದ ಅದನ್ನು ಒಳಗೆ ಸೇರಿಸಿತು. ತತ್ತ್ವ ಬಿಡಲಾರದ ಅಷ್ಟು ದೊಡ್ಡ ಮನೆಯೇ ಹೊಸಬರ ಕಷ್ಟಕ್ಕೆ ಬಾಗಿಲು ತೆರೆದಿರುವಾಗ ನೀವೂ ಒಂದು ಹೆಜ್ಜೆ ಮುಂದೆ ಬರಬಾರದೇ?

ಹಿರಿಯರೇ, ನಾನು ಪ್ರಶ್ನೆ ಕೇಳಿದಾಗಲೆಲ್ಲ ನೀವು ಮೊದಲು ಕೇಳುವುದು ನನ್ನ ಡಿಸ್ಟ್ರೋದ, ಅಂದರೆ ಲಿನಕ್ಸ್ ಬಗೆಯ, ಹೆಸರು. ಹೇಳಿದ ಕೂಡಲೇ, ‘ಅದೇಕೆ? ಇದನ್ನು ಹಾಕಿ’ ಎನ್ನುತ್ತೀರಿ. ನಾಲ್ಕು ಜನ ಹಿರಿಯರು ನನಗೆ ನಾಲ್ಕು ಡಿಸ್ಟ್ರೋ ಹೇಳಿದ್ದೀರಿ. ಆಯ್ಕೆಯ ಸಿರಿ ನಿಮ್ಮದೇ ಕೊಡುಗೆ, ಕೈಮುಗಿಯುತ್ತೇನೆ. ಆದರೆ ಹಲ್ಲು ನೋಯುತ್ತಿದೆ ಎಂದವನಿಗೆ ಮನೆ ಬದಲಿಸಲು ಹೇಳಬಾರದು. ಹತ್ತು ಯಂತ್ರಗಳಲ್ಲಿ ಒಂದೇ ಡಿಸ್ಟ್ರೋ ಇದ್ದರೆ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡಬಹುದು. ನೆರೆಯ ಕೇರಳದ ಸರ್ಕಾರಿ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಉಬುಂಟುವನ್ನೇ ಶಾಲೆಗೆ ತಕ್ಕಂತೆ ಹೊಂದಿಸಿ ಒಂದೇ ರೂಪದಲ್ಲಿ ಕೊಡುತ್ತದೆ. ಒಬ್ಬ ಶಿಕ್ಷಕಿಯ ತೊಂದರೆಗೆ ಸಿಕ್ಕ ಉತ್ತರ ಅಲ್ಲಿ ಉಳಿದ ಶಿಕ್ಷಕರಿಗೂ ಆಗಿಬರುತ್ತದೆ.

ಇನ್ನು ಹೊರಗಿನ ತಂತ್ರಾಂಶಗಳ ವಿಷಯ. ಡಿಸ್ಟ್ರೋದ ಸ್ವಂತ ಭಂಡಾರದಲ್ಲಿ ಇಲ್ಲದ್ದನ್ನು ಹಾಕಲು ನೀವು ಎಷ್ಟೊಂದು ದಾರಿ ತೋರಿಸಿದ್ದೀರಿ: ಡೆಬ್ ಫೈಲು, ಪಿಪಿಎ, ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಆಪ್‌ಇಮೇಜ್. ಆಪ್‌ಇಮೇಜ್ ಒತ್ತಿದರೆ ಏನೂ ಆಗಲಿಲ್ಲ. ಉಬುಂಟು 22.04ರಿಂದ ಈಚೆಗೆ ಅದಕ್ಕೆ ಬೇಕಾದ ಹಳೆಯ ಫ್ಯೂಸ್ ಲೈಬ್ರರಿ ಮೊದಲೇ ಇರುವುದಿಲ್ಲ ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ನಿಮ್ಮ ಇನ್ನೊಂದು ಸಲಹೆ. ಯಾವುದೋ ಊರಿನ ಯಾರೋ ಬರೆದ ಸ್ಕ್ರಿಪ್ಟನ್ನು ಇಳಿಸಿಕೊಂಡು, ಓದದೆ, ಸುಡೊ ಹಾಕಿ ನೇರವಾಗಿ ಓಡಿಸುವ ಆ ಒಂದು ಸಾಲು. ಸುಡೊ ಎಂದರೆ ಮನೆಯ ಅಷ್ಟೂ ಬೀಗದ ಕೈಗಳ ಗೊಂಚಲು. ಗುರುತಿಲ್ಲದವರ ಕೈಗೆ ಆ ಗೊಂಚಲು ಕೊಡಿ ಎಂದು ನಾನು ಯಾವ ಮಗುವಿಗೂ ಹೇಳಲಾರೆ. ನೀವು ನನಗೆ ಹೇಳಿದಿರಿ.

2021ರ ನವೆಂಬರಿನಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್, ಇನ್ನೊಂದು ಡಿಸ್ಟ್ರೋ ಆದ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶ ಹಾಕಹೋಗಿ, ಪ್ಯಾಕೇಜಿನ ದೋಷದಿಂದ ಇಡೀ ಡೆಸ್ಕ್‌ಟಾಪನ್ನೇ ಕಳೆದುಕೊಂಡದ್ದು ಲೋಕವೆಲ್ಲ ನೋಡಿದ ಸಂಗತಿ. ‘ಎಚ್ಚರಿಕೆ ಓದಬೇಕಿತ್ತು’ ಎಂದು ನಿಮ್ಮಲ್ಲಿ ಹಲವರು ಅವರನ್ನೇ ದೂರಿದಿರಿ. ಆದರೆ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಏಪಿಟಿಯನ್ನು ಬರೆಯುವವರು ಕೇಳಿಸಿಕೊಂಡರು. ಯಂತ್ರಕ್ಕೆ ಅತ್ಯಗತ್ಯವಾದ ಪ್ಯಾಕೇಜುಗಳನ್ನು ಒಂದು ವಾಕ್ಯ ಟೈಪ್ ಮಾಡಿದ ಮಾತ್ರಕ್ಕೆ ಕಿತ್ತುಹಾಕಲಾಗದಂತೆ ಅದನ್ನು ತಿದ್ದಿದರು. ಎಡವಿದವನನ್ನು ಬೈಯುವುದರ ಬದಲು ದಾರಿಯ ಕಲ್ಲು ತೆಗೆದರು. ನಿಮ್ಮಿಂದ ನಾನು ಬೇಡುತ್ತಿರುವುದೂ ಅದನ್ನೇ.

ನಮ್ಮ ಶಾಲೆಯ ಪ್ರಿಂಟರ್ ಕಥೆಯನ್ನೂ ಅರಿಕೆ ಮಾಡಿಕೊಳ್ಳುತ್ತೇನೆ. ತಯಾರಕರ ಡ್ರೈವರ್ ಹಾಕಿದ್ದೆವು, ನಡೆಯುತ್ತಿತ್ತು. ಆವೃತ್ತಿ ಏರಿಸಿದ ಮೇಲೆ ನಿಂತಿತು. ಒಬ್ಬರು ಹಿರಿಯರು ‘ನನ್ನದರಲ್ಲಿ ಕೆಲಸ ಮಾಡುತ್ತದೆ’ ಎಂದರು. ಇನ್ನೊಬ್ಬರಿಗೆ ಇದೇ ತೊಂದರೆ ಬಂದಿತ್ತಂತೆ. ‘ಸರಿಹೋಯಿತು’ ಎಂದರು. ಹೇಗೆ ಎಂದರೆ ನೆನಪಿಲ್ಲ. ಮೂರನೆಯವರು ಬರೆದುಕೊಟ್ಟ ಚೀಟಿಯಲ್ಲಿ ಏಪಿಟಿ-ಕೀ ಎಂಬ ಕಮಾಂಡ್ ಇತ್ತು. ಅದು ಕೈಬಿಟ್ಟ ಹಳೆಯ ಕ್ರಮ. ಚೀಟಿಯ ಮೇಲೆ ವರ್ಷ ಬರೆದಿರಲಿಲ್ಲ. ಔಷಧಿ ಬಾಟಲಿಯ ಮೇಲಿನ ತಾರೀಖು ಅಳಿಸಿದ್ದರೆ ನಾವು ಕುಡಿಯುತ್ತೇವೆಯೇ? ಪರಿಹಾರದ ಮೇಲೂ ತಾರೀಖು ಬೇಕು, ಸ್ವಾಮಿ.

ಕೊನೆಯ ನೋವು ನಮ್ಮ ಮನೆಯದು. ಲಿನಕ್ಸ್ ಬಲ್ಲ ಕನ್ನಡಿಗರು ಬೆಂಗಳೂರಿನಲ್ಲೇ ಸಾವಿರಾರು ಜನ ಇದ್ದೀರಿ. ಉಭಯ ಕುಶಲೋಪರಿಯನ್ನೂ ಜಗಳವನ್ನೂ ಕನ್ನಡದಲ್ಲೇ ಮಾಡುತ್ತೀರಿ. ಪೆನ್ ಡ್ರೈವಿನ ವಿಷಯಕ್ಕೆ ಬಂದ ತಕ್ಷಣ ಮಾತು ಇಂಗ್ಲಿಷಿಗೆ ಹೊರಳುತ್ತದೆ. ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ನಮ್ಮ ಪ್ರಶ್ನೆಪತ್ರಿಕೆಗಳು ಲಿಬ್ರೆಆಫೀಸ್‌ನಲ್ಲಿ ಗೀಚು ಗೀಚಾಗಿ ಕಂಡಾಗ, ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂದು ನಮ್ಮ ಕನ್ನಡ ಪಂಡಿತರು ಬೇಸರದಿಂದ ಎದ್ದುಹೋದರು. ಆ ಕಡತಗಳು ಯುನಿಕೋಡ್‌ಗೆ ಮುಂಚಿನವು, ಪರಿವರ್ತಿಸಿದರೆ ಸರಿಹೋಗುತ್ತವೆ. ನುಡಿಯಲ್ಲಿ ಕಲಿತ ಕಗಪ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲೇ ಇದೆ. ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟುಗಳಿವೆ. ಇವನ್ನೆಲ್ಲ ಮಾಡಿದವರೂ ನಿಮ್ಮವರೇ. ಮಾಡಿದ್ದನ್ನು ನಮ್ಮ ಪಂಡಿತರಿಗೆ ಅರ್ಥವಾಗುವಂತೆ ಹೇಳುವವರು ಮಾತ್ರ ಸಿಗಲಿಲ್ಲ. ಮೂರು ತಿಂಗಳ ಮೇಲೆ ನಾನೇ ಕಲಿತು ತೋರಿಸಿದಾಗ ಅವರು ಮೊದಲು ಟೈಪ್ ಮಾಡಿದ್ದು ತಮ್ಮ ತಾಯಿಯ ಹೆಸರು.

ಪೂಜ್ಯರೇ, ಮುಕ್ತ ತಂತ್ರಾಂಶದ ಸ್ವಾತಂತ್ರ್ಯಗಳಲ್ಲಿ ಎರಡು ನನಗೆ ಬಲು ಪ್ರಿಯ: ಅದು ಹೇಗೆ ಕೆಲಸ ಮಾಡುತ್ತದೆಂದು ಓದಿ ತಿಳಿಯುವುದು, ಮತ್ತು ಇನ್ನೊಬ್ಬರಿಗೆ ಹಂಚುವುದು. ಎರಡೂ ಮೇಷ್ಟ್ರ ಕೆಲಸಗಳೇ. ಕೋಡ್ ಬಯಲಿಗಿಟ್ಟ ಮಾತ್ರಕ್ಕೆ ಆ ಸ್ವಾತಂತ್ರ್ಯ ನನ್ನ ವಿದ್ಯಾರ್ಥಿನಿಗೆ ದಕ್ಕುವುದಿಲ್ಲ. ಎಸ್‌ಡಿಬಿ ಎಂದರೆ ಏನೆಂದು ಅವಳಿಗೆ ಯಾರಾದರೂ ಹೇಳಿದ ದಿನ ದಕ್ಕುತ್ತದೆ. ವಿವರಣೆಯಿಲ್ಲದೆ ಕೊಟ್ಟ ಕಮಾಂಡ್ ಅವಳನ್ನು ಒಬ್ಬ ಯಜಮಾನನ ಕೈಯಿಂದ ಬಿಡಿಸಿ ಇನ್ನೊಬ್ಬನ ಕೈಗೆ ಒಪ್ಪಿಸುತ್ತದೆ.

ಆದ್ದರಿಂದ ಸವಿನಯ ಪ್ರಾರ್ಥನೆ. ಕಮಾಂಡ್ ಬರೆಸುವ ಮುನ್ನ ಅದು ಏನು ಮಾಡುತ್ತದೆಂದು ಒಂದು ವಾಕ್ಯದಲ್ಲಿ ಹೇಳಿ. ಏನಾದರೂ ಅಳಿಸುವುದಿದ್ದರೆ, ಮೊದಲು ಬ್ಯಾಕಪ್ ತೆಗೆದುಕೊಳ್ಳಿ ಎಂದು ಎಚ್ಚರಿಸಿ. ಯಂತ್ರದ ಬೂಟ್ ವ್ಯವಸ್ಥೆ ಮುಟ್ಟಿಸುವ ಮೊದಲು ಬಿಟ್‌ಲಾಕರ್ ಕೀಲಿ ಬರೆದಿಟ್ಟುಕೊಳ್ಳಲು ಹೇಳಿ. ಪರಿಹಾರದ ಜೊತೆ ಆವೃತ್ತಿಯನ್ನೂ ತಾರೀಖನ್ನೂ ಕೊಡಿ. ಸರಿಹೋದರೆ ಹೇಗೆ ಸರಿಹೋಯಿತೆಂದು ತಿಳಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ನಾವು ಜೊತೆಯಲ್ಲಿ ಹುಡುಕೋಣ. ಆದಷ್ಟೂ ಕನ್ನಡದಲ್ಲಿ ಹೇಳಿ.

ಇಂದು ನಮ್ಮ ಕೋಣೆಯ ಹತ್ತೂ ಯಂತ್ರಗಳು ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಯಂತ್ರ, ಯಾವ ತಾರೀಖು, ಏನಾಯಿತು, ಏಕೆ ಆಯಿತು, ಏನು ಮಾಡಿದೆವು ಎಂದು ಮಕ್ಕಳೇ ಕನ್ನಡದಲ್ಲಿ ಬರೆಯುತ್ತಾರೆ. ಮೊದಲ ಪುಟದಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ: ‘ಡಿಡಿ ಒತ್ತುವ ಮೊದಲು ಗಾತ್ರ ನೋಡು. ಪಕ್ಕದಲ್ಲಿ ಇನ್ನೊಬ್ಬರನ್ನು ಕರೆದು ತೋರಿಸು.’ ಪ್ರಿಂಟರಿನ ಪುಟದಲ್ಲಿ ಏನಾಯಿತು ಎಂಬಲ್ಲಿಗೆ ಬರಹ ನಿಂತಿದೆ. ಅದರ ಕೆಳಗೆ ಜಾಗ ಬಿಟ್ಟಿದ್ದೇವೆ. ಈ ಕಡೆ ಬಂದಾಗ ದಯಮಾಡಿ ಒಳಗೆ ಬನ್ನಿ, ಒಂದು ಲೋಟ ಕಾಫಿ ಕುಡಿಯಿರಿ, ಆ ಪುಟವನ್ನು ತುಂಬಿಸಿಕೊಡಿ.

ಇಂತಿ ತಮ್ಮ ವಿಧೇಯ,
ಒಬ್ಬ ಗಣಿತದ ಮೇಷ್ಟ್ರು